ಮಣ್ಣು ಬೇಡದ ಗಿಡ

ಬೇಗೂರಿನ ಆರ್ಕಿಡ್ ಪಾಲಿಹೌಸಿಗೆ ಕೆಲಸಕ್ಕೆ ಹೋಗುತ್ತಿದ್ದಾಗ ಶಾಂತಿ, ಸುಲಭಕ್ಕೆ ಸಿಗದ ಜಾತಿಯದೊಂದು ಸಸಿ ತಂದು, ಮರದ ತುಂಡಿಗೆ ಕಟ್ಟಿ, ಸೂರಿನಡಿ ತೂಗುಹಾಕಿದ್ದಳು. ದಿನಕ್ಕೊಮ್ಮೆ ನೀರು ಚಿಮುಕಿಸಿದರೆ ಅದರ ಆರೈಕೆ ಮುಗಿಯಿತು. ಕಂಡವರ ಹೊಲದಲ್ಲಿ ಕಳೆ ಕಿತ್ತೇ ಬಾಳು ಸವೆಸಿದ ಅವಳ ತಾಯಿ ಮಲ್ಲಾಜಮ್ಮನಿಗೆ ಗಾಳಿಯಲ್ಲಿ ಜೋತಾಡುವ ಆ ಬೇರುಗಳನ್ನು ಕಂಡರೆ ಕರುಳು ಚುರ್ ಎನ್ನುತ್ತಿತ್ತು. ಮಣ್ಣಿಲ್ಲದ್ದೂ ಒಂದು ಗಿಡವೇ?

ಮದುವೆಯಾಗಿ ಎಂಟೇ ತಿಂಗಳಿಗೆ ಶಾಂತಿ ಹರವೆಯಲ್ಲಿ, ಗಂಡನ ಮನೆಯ ಹಿಂದಿನ ಬಾವಿಯಲ್ಲಿ ಹೆಣವಾಗಿ ಸಿಕ್ಕಳು.

ತಿಥಿ ಮುಗಿದ ಮಾರನೆಯ ದಿನ ಮಲ್ಲಾಜಮ್ಮ ಗಿಡವನ್ನು ಇಳಿಸಿದಳು. ಒಡೆದ ಪ್ಲಾಸ್ಟಿಕ್ ಬಿಂದಿಗೆಗೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ, ಒಂದು ಬೇರೂ ಕಾಣದ ಹಾಗೆ ನೆಟ್ಟಳು. ಮಗಳದ್ದು ಅಂತ ಉಳಿದದ್ದು ಅದೊಂದೇ. ಹೊತ್ತಾರೆ, ಬೈಗು ಒಂದೊಂದು ಚೊಂಬು ನೀರು ಹೊಯ್ದಳು.

ತಿಂಗಳ ಮೇಲೆ ಪಾಲಿಹೌಸಿನ ಮೇಸ್ತ್ರಿ ಶಿವರಾಮು ಮಾತಾಡಿಸಿಕೊಂಡು ಹೋಗಲು ಬಂದ. ಹಳದಿಗೆ ತಿರುಗಿದ್ದ ಗಿಡವನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದ. ಬೇರುಗಳೆಲ್ಲ ಬೇಯಿಸಿದ ಸೊಪ್ಪಿನಂತೆ ಕಳಚಿ ಬಂದವು.

“ಅಯ್ಯೋ, ಮಣ್ಗಾಕ್ಬುಟ್ಟಿದ್ದೀಯಲ್ಲಕ್ಕ! ಇದು ಮರದ ಮ್ಯಾಲೆ ಬೆಳೆಯೋದು. ಬೇರ್ಗೆ ಗಾಳಿ ಬೇಕು, ಮುಚ್ಬುಟ್ರೆ ಉಸ್ರು ಕಟ್ಟಿ ಸಾಯ್ತದೆ. ಶಾಂತಿ ಯೋಳಿರ್ಲಿಲ್ವಾ?”

ಗಿಡದ ವಿಚಾರ ಶಾಂತಿ ಹೇಳಿರಲಿಲ್ಲ. ತನ್ನ ವಿಚಾರ ಹೇಳಿದ್ದಳು. ಹರವೆಯಿಂದ ಮೂರು ಸಲ ಫೋನು ಮಾಡಿ, “ಇಲ್ಲಿ ಉಸ್ರು ಕಟ್ತದೆ ಕಣವ್ವ, ಬಂದು ಕರ್ಕೊಂಡೋಗು” ಎಂದು ಅತ್ತಿದ್ದಳು.

ಮೂರು ಸಲವೂ ಮಲ್ಲಾಜಮ್ಮ ಹೇಳಿದ್ದು ಒಂದೇ ಮಾತು: “ಬೇರು ಬುಡೋಗಂಟ ಅಂಗೇಯ ಕಣಮ್ಮಿ, ತಡ್ಕೊ.”