ಟಾರ್ಚಣ್ಣನ ಪಥ್ಯ

ಸಿನಿಮಾ ಮಂದಿರದಲ್ಲಿ ದೀಪ ಆರಿದ ಮೇಲೆ ಬಂದವರಿಗೆ ಸೀಟು ತೋರಿಸುವವನನ್ನು ಎಲ್ಲರೂ ಟಾರ್ಚಣ್ಣ ಎಂದೇ ಕರೆಯುತ್ತಿದ್ದರು. ಆ ಟಾರ್ಚಣ್ಣನಿಗೇ ಕತ್ತಲಲ್ಲಿ ಕಣ್ಣು ಕಾಣುತ್ತಿರಲಿಲ್ಲ. ನಗಬೇಡಿ. ತಪ್ಪು ಅವನದೇ ಇರಬಹುದು, ಸಂಕಟವೂ ಅವನದೇ.

ಹಿಂದೊಮ್ಮೆ ಕಾಮಾಲೆ ಬಂದಾಗ ವೈದ್ಯರು ಒಂದು ತಿಂಗಳು ಜಿಡ್ಡು ಬೇಡ ಎಂದಿದ್ದರು. ತಿಂಗಳು ಮುಗಿದು ವರ್ಷಗಳೇ ಉರುಳಿದರೂ ಪಥ್ಯ ಮುಗಿಯಲಿಲ್ಲ. ಹಾಲಿಲ್ಲ, ಬೆಣ್ಣೆಯಿಲ್ಲ, ಸೊಪ್ಪಿಲ್ಲ, ಬರೀ ಗಂಜಿ. ಕಣ್ಣು ತೋರಿಸಲು ಹೋದಾಗ ರಕ್ತ ಪರೀಕ್ಷೆಯ ವರದಿ ನೋಡಿ ಡಾಕ್ಟರಮ್ಮ ಹಣೆ ಚಚ್ಚಿಕೊಂಡರು.

"ವಿಟಮಿನ್ ಎ ತಳ ಕಂಡಿದೆಯಲ್ರೀ! ಅದಕ್ಕೇ ಈ ಇರುಳುಗುರುಡು. ಮಾತ್ರೆ ನುಂಗಿ, ಹೊಟ್ಟೆ ತುಂಬ ಉಣ್ಣಿ, ಸರಿಹೋಗುತ್ತೆ. ಹೀಗೇ ಬಿಟ್ರೆ ಹಗಲಲ್ಲೂ ಕಾಣಲ್ಲ."

"ಜಿಡ್ಡು ತಿಂದ್ರೆ ಕಾಮಾಲೆ ಮತ್ತೆ ಬರಲ್ವಾ?"

"ಬರಲ್ಲ ಕಣ್ರೀ!"

ಅವನಿಗೆ ನಂಬಿಕೆ ಬರಲಿಲ್ಲ. ಅತ್ತ ದರಿ, ಇತ್ತ ಪುಲಿ. ಮಾತ್ರೆ ಜೇಬಿನಲ್ಲೇ ಉಳಿಯಿತು. ಹೆಂಡತಿ ದಿನವೂ ಬುತ್ತಿಯಲ್ಲಿಡುವ ಬೇಯಿಸಿದ ಮೊಟ್ಟೆ ದಿನವೂ ಹಾಗೇ ಮನೆಗೆ ಮರಳುತ್ತಿತ್ತು. ಮಾಲೀಕರಿಗೆ ತಿಳಿದರೆ ಕೆಲಸ ಹೋದಂತೆಯೇ. ಅದಕ್ಕೇ ಕುರ್ಚಿಗಳ ಬೆನ್ನು ಸವರುತ್ತಾ ನಡೆಯುವುದನ್ನು ಕಲಿತಿದ್ದ.

ಆವತ್ತು ಮಧ್ಯಾಹ್ನದ ಆಟದ ನಡುವೆ ಕರೆಂಟು ಹೋಯಿತು. "ಟಾರ್ಚಣ್ಣಾ, ದಾರಿ ತೋರ್ಸು!" ಎಂದು ಕೂಗಾಟ. ಗಾಬರಿಯಲ್ಲಿ ಟಾರ್ಚು ಕೈಜಾರಿ ಎಲ್ಲೋ ಉರುಳಿ ಆರಿಹೋಯಿತು. ಜನ ತಮ್ಮ ತಮ್ಮ ಫೋನಿನ ಬೆಳಕಲ್ಲಿ ಹೊರಟುಹೋದರು.

"ಒಳಗೆ ಯಾರಾದ್ರೂ ಉಳಿದಿದ್ದಾರಾ?" ಹೊರಗೆ ಮಾಲೀಕರ ದನಿ.

"ಟಾರ್ಚಣ್ಣ ಒಬ್ನೇ. ಹಿಂಬಾಗಿಲಿಂದ ಬರ್ತಾನೆ ಬಿಡಿ. ಅವನಿಗೆ ಕಣ್ಣು ಮುಚ್ಕೊಂಡ್ರೂ ದಾರಿ ಗೊತ್ತು," ಎಂದು ಬಾಗಿಲಿನವನು ಅಗುಳಿ ಹಾಕಿದ.

ಕೂಗಿದರೆ ಗುಟ್ಟು ರಟ್ಟು. ತಡಕಾಡುತ್ತಾ ನಾಲ್ಕು ಹೆಜ್ಜೆ ಇಟ್ಟ, ಮೆಟ್ಟಿಲು ತಪ್ಪಿ ಬಿದ್ದ. ಹಗಲು ಕಂಡ ಬಾವಿಗೆ ಇರುಳು ಬಿದ್ದರು ಅಂತಾರೆ. ಇವನು ಹಾಡಹಗಲೇ ಬಿದ್ದಿದ್ದ. ಮೊಣಕಾಲು ಉರಿಯುತ್ತಿತ್ತು. ಗೋಡೆ ಯಾವ ಕಡೆ, ಬಾಗಿಲು ಯಾವ ಕಡೆ, ತಿಳಿಯಲಿಲ್ಲ. ಇಷ್ಟು ವರ್ಷ ದುಡಿದ ಜಾಗವೇ ತನ್ನನ್ನು ನುಂಗಿತೆನಿಸಿ ಭಯವಾಯಿತು.

ಹೆಗಲ ಚೀಲದಲ್ಲಿ ಬುತ್ತಿ ಕೈಗೆ ತಾಗಿತು. ಮುಚ್ಚಳ ತೆಗೆದು ತಡಕಿ ಮೊಟ್ಟೆ ಬಾಯಿಗಿಟ್ಟ. ಅಳುತ್ತಲೇ ತಿಂದ, ಜೇಬಿನ ಮಾತ್ರೆಯನ್ನೂ ಗಂಜಿಯ ಜೊತೆ ನುಂಗಿದ. ಕತ್ತಲೇನೂ ಕರಗಲಿಲ್ಲ. ಒಂದು ತುತ್ತಿಗೆ ಕರಗುವುದೂ ಇಲ್ಲವೆಂದು ಅವನಿಗೆ ಗೊತ್ತಿತ್ತು.

"ಎಲ್ಲಿ ಸತ್ತೆಯೋ? ಬಾರೋ ಬೇಗ!" ಮಾಲೀಕರು ಕೂಗಿದರು.

ಅವನು ಬಾಯಿ ಒರೆಸಿಕೊಂಡ.

"ಧಣಿ, ನಂಗೆ ಕಣ್ಣು ಕಾಣಲ್ಲ. ಯಾರಾದ್ರೂ ಬಂದು ಕೈ ಹಿಡ್ಕೊಳ್ಳಿ."