ಹೊಂಗೆಕೆರೆಯ ಬೀಚು

ಮದ್ದೂರಿಗೂ ಮಳವಳ್ಳಿಗೂ ನಡುವಣ ಹೊಂಗೆಕೆರೆಯ ಏರಿಯನ್ನು ಅಲೆಗಳ ಬಾಯಿಂದ ಬಿಡಿಸಿಕೊಂಡದ್ದು ತಿಮ್ಮಯ್ಯನವರ ಜೀವಮಾನದ ಸಾಧನೆ. ಅವರ ಹರೆಯದ ಕಾಲಕ್ಕೆ ಆಷಾಢದ ಗಾಳಿ ಪಡುವಲಿಂದ ಬೀಸಿತೆಂದರೆ ಕೆರೆಯ ನೀರೆಲ್ಲ ಎದ್ದು ಮೂಡಲ ಕಡೆಯ ಏರಿಗೆ ಅಪ್ಪಳಿಸುತ್ತಿತ್ತು. ಏರಿಯ ಮಣ್ಣು ನೀರಿಗೆ ಬಿದ್ದ ಬೆಲ್ಲದಂತೆ ಕರಗುತ್ತಿತ್ತು. ಕಲ್ಲು ಕಟ್ಟಿಸಿಕೊಡಿರೆಂದು ಮಂಡ್ಯದ ಕಚೇರಿಗಳಿಗೆ ತಿರುಗಿ ಚಪ್ಪಲಿ ಸವೆಸಿದ ಮೇಲೆ ತಾವೇ ಹಾರೆ ಹಿಡಿದರು. ನೀರಂಚಿನಲ್ಲಿ ಲಕ್ಕಿಗಿಡದ ಗೂಟ ನೆಟ್ಟು ತಡಿಕೆ ಹೆಣೆದರು. ತಡಿಕೆಯ ಮರೆಯಲ್ಲಿ ಜೊಂಡು ನೆಟ್ಟರು. ಏರಿಯ ಇಳಿಜಾರಿಗೆ ಲಾವಂಚದ ಹುಲ್ಲು ನೆಟ್ಟರು. ಮೊದಲ ವರ್ಷದ ಜೊಂಡನ್ನು ಅಲೆ ಕಿತ್ತೊಯ್ದಿತು. ಮರುವರ್ಷದ್ದನ್ನು ಊರಿನ ಎಮ್ಮೆಗಳು ಮೇಯ್ದು ಮುಗಿಸಿದವು. ಅದರಾಚೆಯ ವರ್ಷ ತಿಮ್ಮಯ್ಯನವರು ಕೋಲು ಹಿಡಿದು ಏರಿಯ ಮೇಲೆಯೇ ಬಿಡಾರ ಹೂಡಿದರು. ಜೊಂಡು ಬೇರು ಬಿಟ್ಟಿತು. ಅಂದಿನಿಂದ ಅಲೆಗಳು ಹೆಡ್‌ಮಾಸ್ತರರ ಕೋಣೆ ಹೊಕ್ಕ ತುಂಟ ಹುಡುಗರಂತೆ ಜೊಂಡಿನೊಳಗೆ ತಲೆ ತಗ್ಗಿಸಿ, ಏರಿಯ ಪಾದವನ್ನು ಮುಟ್ಟಿಯೂ ಮುಟ್ಟದಂತೆ ಹಿಂದಿರುಗುತ್ತಿದ್ದವು.

ಬರಿಯ ಸಾಧನೆಯಾಗಿದ್ದರೆ ಊರಿಗೆ ತೊಂದರೆಯಿರಲಿಲ್ಲ. ಅದಕ್ಕೊಂದು ಕಥೆಯೂ ಇತ್ತು. ಆ ಕಥೆಯನ್ನು ತಿಮ್ಮಯ್ಯನವರು ನಾಟಿಯ ಗದ್ದೆಯಲ್ಲಿ ಹೇಳಿದರು, ಮಳವಳ್ಳಿಯ ಬಸ್ಸಿನಲ್ಲಿ ಹೇಳಿದರು, ಸತ್ತವರ ಮನೆಯಲ್ಲಿಯೂ ಸಮಾಧಾನದ ಮಾತಾಗಿ ಹೇಳಿದರು. ತಿಥಿಯೂಟದ ಪಂಕ್ತಿಯಲ್ಲಿ ಅವರ ಪಕ್ಕದ ಎಲೆ ಸದಾ ಖಾಲಿ. ಕೊನೆಗೆ ಮಂಡ್ಯದ ವಿ.ಸಿ. ಫಾರಂ ಕಾಲೇಜಿನಲ್ಲಿ ಕೃಷಿ ಓದುತ್ತಿದ್ದ ಮೊಮ್ಮಗಳು ದೀಪಿಕಳನ್ನು ನೋಡಲು ಬಂದ ಗಂಡಿನ ಕಡೆಯವರ ಮುಂದೆಯೂ ಕಥೆ ಆರಂಭವಾಗಿ, ಗಂಡಿನ ತಂದೆ ಕಾಫಿಲೋಟ ಹಿಡಿದಂತೆಯೇ ಗೊರಕೆ ಹೊಡೆದದ್ದರಿಂದ ಮಾತುಕತೆ ಮುಂದುವರಿಯಲಿಲ್ಲ. ಅಂದು ಸಂಜೆ ದೀಪಿಕ ತಾತನ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡಳು.

"ಏರಿ ಅನ್ನಲಿ, ಜೊಂಡು ಅನ್ನಲಿ, ಯಾರಾದ್ರೂ ಬಾಯ್ಬಿಟ್ಟು ಕೇಳೋವರೆಗೂ ನೀನಾಗಿ ಆ ಕತೆ ಎತ್ತಬೇಡ ತಾತ. ನನ್ನಾಣೆ."

ತಿಮ್ಮಯ್ಯನವರು ಒಪ್ಪಿದರು. ಕೊಟ್ಟ ಮಾತಿಗೆ ತಪ್ಪಿದ ಅಭ್ಯಾಸ ಅವರಿಗಿರಲಿಲ್ಲ; ಕೇಳುವವರಿಗೇನು ಬರ, ವಾರದೊಳಗೆ ಯಾರಾದರೂ ಕೇಳಿಯಾರು ಎಂಬ ನಂಬಿಕೆಯೂ ಇತ್ತು. ವಾರಗಳು ಕಳೆದವು. ಒಬ್ಬನೂ ಕೇಳಲಿಲ್ಲ.

ಇಂಥ ಹೊತ್ತಿನಲ್ಲಿ ಅವರ ತಮ್ಮನ ಮೊಮ್ಮಗ ಯತೀಶನಿಗೆ ಊರುದ್ಧಾರದ ಯೋಚನೆ ಹುಟ್ಟಿತು. ಹೊಸ ಹೆದ್ದಾರಿ ಬಂದ ಮೇಲೆ ಮೈಸೂರಿಗೆ ಹೋಗುವ ಕಾರುಗಳು ಮದ್ದೂರಿನಲ್ಲಿ ವಡೆ ತಿನ್ನಲೂ ಇಳಿಯುವುದಿಲ್ಲ. ಇಳಿಯುವಂತೆ ಮಾಡಬೇಕಾದರೆ ಇನ್ನೆಲ್ಲಿಯೂ ಇಲ್ಲದ್ದನ್ನು ತೋರಿಸಬೇಕು. ಮಂಡ್ಯ ಸೀಮೆಯಲ್ಲಿ ಎಲ್ಲಿಯೂ ಇಲ್ಲದ್ದು ಸಮುದ್ರತೀರ. ಆದ್ದರಿಂದ ಹೊಂಗೆಕೆರೆಯಲ್ಲಿ ಬೀಚು ಆಗತಕ್ಕದ್ದೆಂದು ಯುವಕರ ಸಂಘ ತೀರ್ಮಾನಿಸಿತು. ಏರಿಯ ಬುಡದಲ್ಲಿ ಮರಳು ಹರಡಬೇಕು, ನೋಟಕ್ಕೆ ಅಡ್ಡವಾದ ಜೊಂಡನ್ನು ಕುಯ್ಯಬೇಕು.

ಸುದ್ದಿ ತಿಳಿದು ತಿಮ್ಮಯ್ಯನವರು ಕೋಲೂರಿಕೊಂಡು ಓಡಿದರು. "ಜೊಂಡ್ ಮುಟ್ಬೇಡ ಕಣ್ಲಾ ಯತೀಶ, ಏರಿ ಓಯ್ತದೆ" ಎಂದರು.

"ಆ ಕತೆ ಗೊತ್ತು ಬುಡಿ ತಾತ" ಎಂದ ಯತೀಶ, ಕುಡುಗೋಲು ನಿಲ್ಲಿಸದೆ. "ದೀಪಿಕ ಏನೋ ಆಣೆ ಆಕ್ಸವ್ಳೆ ಅಂದ್ರು?"

ತಿಮ್ಮಯ್ಯನವರ ಬಾಯಿ ಮುಚ್ಚಿಕೊಂಡಿತು. ಜೊಂಡಿನ ಮಾತೆತ್ತಿದರೆ ಅದು ಎಚ್ಚರಿಕೆಯಾಗಿ ಯಾರ ಕಿವಿಗೂ ಬೀಳುತ್ತಿರಲಿಲ್ಲ, ಕಥೆಯ ಪೀಠಿಕೆಯಾಗಿಯೇ ಬೀಳುತ್ತಿತ್ತು. ಸಂಜೆಯ ಹೊತ್ತಿಗೆ ಜೊಂಡು ನೆಲಸಮವಾಯಿತು. ಇಳಿಜಾರಿನ ಲಾವಂಚವೂ ಕುರ್ಚಿ ಹಾಕಲು ಅಡ್ಡಿಯೆಂದು ಅದರ ಹಿಂದೆಯೇ ಹೋಯಿತು.

ಹೊಳೆಯ ಮರಳು ಎಲ್ಲಿಯೂ ದೊರೆಯದ ಕಾಲವಾದ್ದರಿಂದ ಹೊಂಗೆಕೆರೆಯ ಸಮುದ್ರತೀರಕ್ಕೆ ಮನೆ ಕಟ್ಟುವ ಎಂ-ಸ್ಯಾಂಡನ್ನೇ ಸುರಿದರು. ಮೇಲೆ ಎರಚಲು ಕಪ್ಪೆಚಿಪ್ಪು ಬಂದವು, ಬಣ್ಣದ ಕೊಡೆಗಳು ಬಂದವು, ಪ್ಲಾಸ್ಟಿಕ್ ಕುರ್ಚಿಗಳು ಬಂದವು, ವಡೆಯ ಗಾಡಿ ಬಂದಿತು. ಆಡಲು ಹೋದ ಮಕ್ಕಳು ಗಾರೆ ಕೆಲಸ ಮುಗಿಸಿದವರಂತೆ ಬೂದುಬಣ್ಣಕ್ಕೆ ತಿರುಗಿ ಮನೆಗೆ ಬಂದವು. ಆದರೂ ಭಾನುವಾರಗಳಲ್ಲಿ ಕಾರುಗಳು ನಿಂತದ್ದುಂಟು.

ಆಷಾಢ ಹುಟ್ಟಿತು. ನಾಲೆಯ ನೀರು ಬಂದು ಕೆರೆಯೂ ತುಂಬಿತ್ತು. ಒಂದು ಬೆಳಿಗ್ಗೆ ಯತೀಶ ಬಂದು ನೋಡಿದರೆ ಬೀಚಿನ ಅರ್ಧ ಮರಳು ಮಾಯ. ಮರಳು ಮಾಯವಾಯಿತೆಂದರೆ ನಮ್ಮ ಸೀಮೆಯಲ್ಲಿ ಗಾಳಿಯನ್ನೋ ನೀರನ್ನೋ ಸಂಶಯಿಸುವವರಿಲ್ಲ. ಟ್ರ್ಯಾಕ್ಟರಿನ ಗಾಲಿಯ ಗುರುತು ಹುಡುಕುತ್ತಾರೆ. ಯತೀಶನೂ ಹುಡುಕಿದ. ಗುರುತು ಸಿಕ್ಕಲಿಲ್ಲ, ಕಳ್ಳರು ಬಲು ಜಾಣರೆಂದು ತೀರ್ಮಾನವಾಯಿತು. ಸಂಶಯ ಅದೇ ಊರಿನ ಸಿದ್ದೇಶನ ಮೇಲೆ ಹೋಯಿತು. ಅವನು ಮನೆ ಕಟ್ಟಿಸುತ್ತಿದ್ದ, ಅಂಗಳದಲ್ಲಿ ಎಂ-ಸ್ಯಾಂಡಿನ ರಾಶಿಯಿತ್ತು.

"ಕದ್ದಿರೋ ಮಳ್ಳು ಮುಂಬಾಗ್ಲಲ್ಲೇ ಗುಡ್ಡೆ ಆಕ್ಕೊಂಡ್ ಕುಂತ್ಕತೀನೇನ್ಲಾ ನಾನು?" ಎಂದು ಸಿದ್ದೇಶ ಕೇಳಿದ. "ನಿನ್ ಬೀಚಲ್ಲಿ ಕಪ್ಪೆಚಿಪ್ಪದ್ಯಲ್ಲ, ಬಾ, ನನ್ ರಾಸೀಲಿ ಒಂದು ಚಿಪ್ಪು ತೆಗ್ದು ತೋರ್ಸು, ಆಮೇಲ್ ಮಾತಾಡು."

ಚಿಪ್ಪು ಸಿಕ್ಕಲಿಲ್ಲ, ಇಬ್ಬರ ನಡುವೆ ಮಾತು ಬಿಟ್ಟುಹೋಯಿತು. ಯತೀಶ ಹೊಂಗೆಮರಕ್ಕೆ ಕ್ಯಾಮೆರಾ ಕಟ್ಟಿಸಿದ. ಮರುದಿನ ಸಂಘದವರೆಲ್ಲ ಟೀ ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ನೋಡಿದರು: ಅಲೆ ಬರುತ್ತದೆ, ಹೋಗುತ್ತದೆ, ಮರಳು ಕಡಿಮೆಯಾಗುತ್ತದೆ, ಮನುಷ್ಯರ ಸುಳಿವಿಲ್ಲ. ಕಳ್ಳರು ನೀರೊಳಗಿಂದಲೇ ತೋಡುತ್ತಿದ್ದಾರೆಂದು ಒಬ್ಬ ಹೇಳಿದ. ಉಳಿದವರು ತಲೆದೂಗಿದರು.

ಪಕ್ಕದ ಬೆಂಚಿನಲ್ಲಿ ತಿಮ್ಮಯ್ಯನವರು ಕೂತಿದ್ದರು. ಮಡಿಲಲ್ಲಿ ಲಕ್ಕಿಯ ಗೂಟವೊಂದನ್ನು ಇರಿಸಿಕೊಂಡು, ಯಾರ ಕಣ್ಣಿಗಾದರೂ ಬೀಳಲೆಂದು ಆಗಾಗ ಅದನ್ನು ಕೆತ್ತುತ್ತಿದ್ದರು, ಕೆಮ್ಮುತ್ತಿದ್ದರು. ಒಂದು ಗಳಿಗೆ ಯತೀಶ ಅವರತ್ತ ತಿರುಗಿದ. ಮುದುಕರ ಎದೆ ಹಿಗ್ಗಿತು.

"ನೀವು ಒತ್ತಾರೆನೇ ಏಳೋರು ತಾತ. ಟ್ರ್ಯಾಕ್ಟರ್ ಸದ್ದೇನಾರ ಕೇಳುಸ್ತಾ?"

ಇಲ್ಲವೆಂದರು ತಿಮ್ಮಯ್ಯನವರು, ನಿಜವೂ ಅದೇ. ಇನ್ನೊಂದು ಪ್ರಶ್ನೆಗೆ ಕಾದರು. ಯತೀಶ ಅವರಿಗೆ ಕೆಮ್ಮಿನ ಮಾತ್ರೆ ತರಿಸಿಕೊಟ್ಟು ಎದ್ದುಹೋದ.

ಮರಳು ಮುಗಿದ ಮೇಲೆ ಅಲೆಗಳು ಏರಿಗೆ ಕೈಹಾಕಿದವು. ಗಾಳಿ ಜೋರಾಗಿದ್ದ ಒಂದು ಮುಂಜಾನೆ ತೂಬಿನ ಪಕ್ಕದಲ್ಲಿ ಏರಿಯ ಒಂದು ಮಗ್ಗುಲು, ಎತ್ತಿನ ಗಾಡಿಯಷ್ಟು, ಧೊಪ್ಪೆಂದು ಕುಸಿದು ಕುರ್ಚಿಗಳ ಸಮೇತ ನೀರುಪಾಲಾಯಿತು. ಕೆಳಗೆ ಊರಿನ ಗದ್ದೆಯೆಲ್ಲವೂ ಇತ್ತು, ತಗ್ಗುಕೇರಿಯ ಮನೆಗಳಿದ್ದವು. ತಿಮ್ಮಯ್ಯನವರಿಗೆ ಬಿಗುಮಾನ ಉಳಿಯಲಿಲ್ಲ. ಆಣೆಯಿರುವುದು ಬಾಯಿಗೆ, ಕೈಗಲ್ಲ ಎಂದು ಹೊಳೆದದ್ದೇ ಹಾರೆ ಹೆಗಲಿಗೇರಿಸಿದರು. ಇವರೊಬ್ಬರೇ ನೀರಿಗಿಳಿದರೆ ಹೆಣ ಹುಡುಕುವ ಕೆಲಸ ಬೇರೆ ಬರುತ್ತದೆಂದು ಗೊಣಗುತ್ತ ಹೆಂಡತಿ ಹೊಂಬಾಳಮ್ಮ ಲಕ್ಕಿಯ ಕಟ್ಟು ಹೊತ್ತು ಹಿಂದೆ ನಡೆದರು.

ಮೊಣಕಾಲುದ್ದ ನೀರಿನಲ್ಲಿ ನಿಂತು ಮುದುಕರು ಮೊದಲ ಗೂಟ ಬಡಿದರು. ಎರಡನೆಯದಕ್ಕೆ ಕೈಯೆತ್ತುವಾಗ ಅಲೆಯೊಂದು ಬಂದು ಅವರನ್ನು ಮೆಲ್ಲಗೆ ಕೂರಿಸಿತು. ಎದ್ದು ಮತ್ತೆ ಬಡಿದರು. ಏರಿಯ ಮೇಲೆ ಊರೇ ನೆರೆಯಿತು. ಯತೀಶ ಪ್ಯಾಂಟು ಮಡಿಸಿಕೊಂಡು ಓಡಿಬಂದ.

"ಏನ್ ಮಾಡ್ತಿದ್ದೀರಿ ತಾತ? ಇದ್ಯಾತಕ್ಕೆ?"

ತಿಮ್ಮಯ್ಯನವರು ಹಾರೆ ಊರಿ ಮೀಸೆಯ ನೀರೊರಸಿಕೊಂಡರು. "ಕೇಳ್ದೆ ತಾನೆ? ಬಾಯ್ಬುಟ್ಟು ಕೇಳ್ದೆ ತಾನೆ?" ಎಂದು ಊರಿನ ಕಡೆ ತಿರುಗಿ, "ನೀವೆಲ್ಲ ಸಾಕ್ಸಿ" ಎಂದರು.

ಕಥೆ ಕಟ್ಟೆಯೊಡೆದು ಹರಿಯಿತು. ಮಂಡ್ಯದ ಕಚೇರಿ, ಅಲ್ಲಿನ ಗುಮಾಸ್ತನ ಮುರಿದ ಕನ್ನಡಕ, ಸವೆದ ಚಪ್ಪಲಿ ಎಲ್ಲವೂ ಬಂದವು. ಜೀವಮಾನದಲ್ಲಿ ಮೊದಲ ಬಾರಿಗೆ ಯತೀಶ ಅದನ್ನು ಕಿವಿಗೊಟ್ಟು ಕೇಳಿದ. ಆದರೆ ಒಂದು ಕಡೆ ತಡೆದ.

"ಗುಮಾಸ್ತ ಆಮೇಲಿರ್ಲಿ ತಾತ. ಈ ಅಲೇಲಿ ಜೊಂಡು ಕಿತ್ಕೊಂಡು ಓಗ್ದಂಗೆ ಎಂಗ್ ನಿಲ್ಲಿಸಿದ್ರಿ?"

ತಿಮ್ಮಯ್ಯನವರ ಕಥೆಯಲ್ಲಿ ಆ ಜಾಗಕ್ಕೆ ಬಂದಾಗ ಜೊಂಡು ತಾನಾಗಿಯೇ ಬೇರು ಬಿಡುತ್ತಿತ್ತು. ಇಷ್ಟು ವರ್ಷಗಳಲ್ಲಿ ಅಷ್ಟು ದೂರ ಕೇಳಿದವರು ಯಾರೂ ಇರಲಿಲ್ಲ.

"ಗೋಣಿಚೀಲ" ಎಂದರು ಹೊಂಬಾಳಮ್ಮ, ಲಕ್ಕಿಯ ಕಟ್ಟು ಬಿಚ್ಚುತ್ತ. "ಚೀಲಕ್ಕೆ ಕೆರೆ ಗೋಡ್ಮಣ್ಣು ತುಂಬಿ, ಜೊಂಡಿನ ಗೆಡ್ಡೆ ಇಕ್ಕಿ, ಬಾಯಿ ಒಲ್ದು ತಡಿಕೆ ಇಂದೆ ಮುಳುಗ್ಸಿದ್ದು. ಒಲ್ದು ಒಲ್ದು ನನ್ ಬೆರಳು ಊದ್ಕಂಡಿದ್ವು. ನಿಮ್ ತಾತ ದಡದಲ್ಲಿ ಎಮ್ಮೆ ಓಡಿಸ್ತಿದ್ರು."

ಏರಿಯುದ್ದಕ್ಕೂ ನಗು ಹಬ್ಬಿತು. ಎಮ್ಮೆ ಓಡಿಸುವುದೇನು ಸಣ್ಣ ಕೆಲಸವೇ ಎಂದು ತಿಮ್ಮಯ್ಯನವರು ಕೇಳಿದ್ದು ಆ ನಗುವಿನಲ್ಲಿ ಯಾರಿಗೂ ಕೇಳಲಿಲ್ಲ.

ಮನೆಮನೆಯಿಂದ ಗೋಣಿಚೀಲ ಬಂದವು. ಸಿದ್ದೇಶ ಬಿದಿರಿನ ಗಳುಗಳನ್ನು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಬಂದು, ಕಳ್ಳನ ಮಾಲು ನಡೆಯುತ್ತದೆಯೇ ಎಂದು ಯತೀಶನನ್ನು ಎಲ್ಲರೆದುರು ವಿಚಾರಿಸಿ, ಅವನು ತಲೆ ತಗ್ಗಿಸಿದ ಮೇಲೆಯೇ ಇಳಿಸಿದ. ಕುಸಿದ ಕಡೆ ಮಣ್ಣಿನ ಮೂಟೆ ಪೇರಿಸಿದರು, ಮುಂದೆ ತಡಿಕೆ ಹೆಣೆದರು, ಅದರ ಹಿಂದೆ ಜೊಂಡಿನ ಗೆಡ್ಡೆಯ ಚೀಲ ಮುಳುಗಿಸಿದರು. ತಡಿಕೆಯೊಳಗೆ ನುಗ್ಗಿದ ಅಲೆ ಏದುಸಿರು ಬಿಟ್ಟು ಸಣ್ಣದಾಯಿತು. ಬೀಚನ್ನು ಗಾಳಿ ಹುಟ್ಟುವ ಪಡುವಣ ದಡಕ್ಕೆ ಸಾಗಿಸುವುದೆಂದೂ, ಅಲ್ಲಿ ಅಲೆಯ ಕಾಟವಿಲ್ಲವೆಂದೂ ಯತೀಶನೇ ಕಂಡುಕೊಂಡ.

ಭಾನುವಾರ ದೀಪಿಕ ಬಂದಳು. ಏರಿಯ ಮೇಲೆ ಎಲ್ಲರೂ ಮುದ್ದೆ ಉಣ್ಣುತ್ತಿದ್ದರು. ತಿಮ್ಮಯ್ಯನವರ ಎರಡು ಮಗ್ಗುಲಲ್ಲಿಯೂ ಎಲೆಗಳಿದ್ದವು, ಎಲೆಗಳ ಮುಂದೆ ಜನರಿದ್ದರು. ಮೊಮ್ಮಗಳನ್ನು ಕಂಡು ಅವರು ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, ಇವರೇ ಕೇಳಿದ್ದು, ನಾನಾಗಿ ಎತ್ತಲಿಲ್ಲ ಎಂದು ಮೊದಲೇ ತಿಳಿಸಿದರು.

ದೀಪಿಕ ಮಣ್ಣಿನ ಕಾಲನ್ನು ಚಾಚಿ ಅಜ್ಜಿಯ ಪಕ್ಕ ಕೂತಳು. ಗೋಣಿಚೀಲದ ಸಂಗತಿ ಆಗಲೇ ಅವಳ ಕಿವಿಗೆ ಬಿದ್ದಿತ್ತು.

"ಮೊದಲಿಂದ ಇನ್ನೊಂದ್ಸಲ ಹೇಳು ತಾತ" ಎಂದಳು. "ಈ ಸಲ ಅಜ್ಜೀನೂ ಸೇರಿಸ್ಕೊಂಡು."