ಹೊಲಿಗೆ ಕೋಣೆಯ ಕಿಟಕಿಯಾಚೆ ದೀಪ

ಊರಿನ ಅರ್ಧ ಮನೆಗಳಿಗೆ ಕಳ್ಳರ ಅಲಾರಂ ಕೂರಿಸಿದವನು ಅವನೇ. ಬೀದಿಯವರೆಲ್ಲ ಅವನನ್ನು ಸೈರನ್ ಅಣ್ಣ ಎಂದೇ ಕರೆಯುತ್ತಿದ್ದರು. ಹೊಸ ಉಪಕರಣ ಯಾವುದು ಬಂದರೂ ಮೊದಲು ತನ್ನ ಮನೆಯಲ್ಲಿ ಹಚ್ಚಿ ಪರೀಕ್ಷೆ ಮಾಡುವ ಚಾಳಿ ಅವನಿಗೆ. ಕಿವಿ ಕಿತ್ತುಹೋಗುವಂಥ ಆ ಸದ್ದಿಗೆ ಬೀದಿಯ ನಾಯಿಗಳೂ ಒಗ್ಗಿಹೋಗಿದ್ದವು. ಒಗ್ಗಿಕೊಳ್ಳುವ ಕಷ್ಟವೇ ಇಲ್ಲದವಳೆಂದರೆ ಅವನ ಹೆಂಡತಿ ಒಬ್ಬಳೇ. ಎರಡು ವರ್ಷದ ಮಗುವಾಗಿದ್ದಾಗ ಬಂದ ಜ್ವರ ಅವಳ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಗಿತ್ತು.

ಅವಳು ಮನೆಯಲ್ಲೇ ಹೊಲಿಗೆ ಹಾಕುತ್ತಿದ್ದಳು. ಗಂಡಹೆಂಡಿರ ಮಾತು, ಜಗಳ, ಸಲಿಗೆ ಎಲ್ಲವೂ ಕೈಯಲ್ಲೇ. ಮಗಳು ಹುಟ್ಟಿದಾಗ ಅವಳ ಅಳು ಸಣ್ಣಗೆ, ಎಳೆದೆಳೆದು ಬರುತ್ತಿದ್ದುದರಿಂದ ಅಪ್ಪ ಅವಳನ್ನು ಪಿಟೀಲು ಎಂದು ಕರೆದ. ಅದೇನು ಹೆಸರು ಎಂದು ತಾಯಿ ಕೇಳಿದ್ದಕ್ಕೆ ಗದ್ದದ ಕೆಳಗೆ ಎಡಗೈ ಚಾಚಿ, ಬಲಗೈಯಿಂದ ಕುಯ್ದು ತೋರಿಸಿದ. ಅಂದಿನಿಂದ ಆ ಸನ್ನೆಯೇ ಮಗಳ ಹೆಸರಾಯಿತು.

ಪಿಟೀಲು ಬೆಳೆಯುತ್ತ ಬೆಳೆಯುತ್ತ ಮನೆಗೆ ಕಿವಿಯಾದಳು. ಬಾಗಿಲ ಗಂಟೆ, ಫೋನು, ಗಿರಾಕಿಗಳ ತಕರಾರು ಎಲ್ಲ ಅವಳ ಮೂಲಕವೇ ತಾಯಿಗೆ ತಲುಪಬೇಕು. ಗಿರಾಕಿಗಳು ಬೈದದ್ದರಲ್ಲಿ ಅರ್ಧವನ್ನು ಅವಳು ತನ್ನಲ್ಲೇ ನುಂಗಿಕೊಳ್ಳುತ್ತಿದ್ದಳೆಂಬುದು ಅಪ್ಪನಿಗೆ ಮಾತ್ರ ಗೊತ್ತಿತ್ತು. ಅವಳ ಕೋಣೆಗೂ ಪಕ್ಕದ ಹೊಲಿಗೆ ಕೋಣೆಗೂ ನಡುವೆ ತೆಳುವಾದ ಗೋಡೆ. ಕೆಳಗೆ ಎರಡಕ್ಕೂ ಸೇರಿ ಒಂದೇ ಹಲಗೆಯ ನೆಲ. ಅಮ್ಮ ಬೇಕಾದಾಗ ಮಗಳು ಕೂತಲ್ಲಿಂದಲೇ ಎರಡು ಸಲ ಕಾಲು ಬಡಿಯುತ್ತಿದ್ದಳು. ಹಲಗೆಯ ಆ ನಡುಕ ಪಾದಕ್ಕೆ ತಾಗುತ್ತಲೇ ತಾಯಿ ಯಂತ್ರ ನಿಲ್ಲಿಸಿ ಎದ್ದು ಹೋಗುತ್ತಿದ್ದಳು.

ಹತ್ತೊಂಬತ್ತು ತುಂಬುವ ಮೊದಲೇ ಮಗಳು ಹೋಗಿಬಿಟ್ಟಳು. ಮೂತ್ರಪಿಂಡದ ಕಾಯಿಲೆ, ನಾಲ್ಕು ತಿಂಗಳು ಆಸ್ಪತ್ರೆಯ ವಾಸ. ಕೊನೆಯ ವಾರ ಕೈ ಎತ್ತುವ ತ್ರಾಣವೂ ಇಲ್ಲದೆ, ಹೊದಿಕೆಯ ಮೇಲೆ ಬೆರಳ ತುದಿಗಳನ್ನಷ್ಟೇ ಆಡಿಸಿ ತಾಯಿಯೊಡನೆ ಮಾತಾಡಿದಳು.

ಅವಳ ಕೋಣೆಯನ್ನು ಅವರು ಇದ್ದ ಹಾಗೇ ಬಿಟ್ಟರು. ಮೇಜಿನ ಮೇಲೆ ಅವಳ ಫೋನಿತ್ತು. ಅದರಲ್ಲಿ ಅಮ್ಮನಿಗೆಂದೇ ಮಾಡಿಟ್ಟ ವಿಡಿಯೋಗಳಿದ್ದವು: ಕೈಮಾತಿನ ಹರಟೆ, ಗಿರಾಕಿಗಳ ಅಣಕ, ಅಪ್ಪನ ಗೊರಕೆ ಹೇಗಿರುತ್ತದೆಂಬ ಅಭಿನಯ. ತಾಯಿ ದಿನಕ್ಕೊಮ್ಮೆ ಮಂಚದ ಅಂಚಿನಲ್ಲಿ ಕೂತು ಅವನ್ನು ನೋಡಿ, ಫೋನನ್ನು ಚಾರ್ಜಿಗೆ ಹಾಕಿ ಎದ್ದು ಬರುತ್ತಿದ್ದಳು. ಇನ್ನೊಂದು ಕಡೆ ನಕಲು ಮಾಡಿಡಬೇಕೆಂದು ಗಂಡ ಎಂಟು ತಿಂಗಳಿಂದ ಅಂದುಕೊಳ್ಳುತ್ತಲೇ ಇದ್ದ.

ಕಳ್ಳತನವಾದದ್ದು ಒಂದು ಮಂಗಳವಾರ ಮಧ್ಯಾಹ್ನ, ಮೂರರ ಹೊತ್ತಿಗೆ, ಅವನು ಕೆಲಸಕ್ಕೆ ಹೋಗಿದ್ದಾಗ. ಕಳ್ಳ ಹಿತ್ತಲ ಕಡೆಯಿಂದ ಬಂದು ಮಗಳ ಕೋಣೆಯ ಕಿಟಕಿ ಮೀಟಿದ. ಸೈರನ್ ಹೊಡೆದುಕೊಂಡಿತು, ಹತ್ತು ನಿಮಿಷ ಹೊಡೆದು ತಾನಾಗಿಯೇ ನಿಂತಿತು. ಎದುರು ಮನೆಯ ನಿವೃತ್ತ ಮೇಷ್ಟ್ರು, ಸೈರನ್ ಅಣ್ಣ ಮತ್ತೇನೋ ಪರೀಕ್ಷೆ ಮಾಡುತ್ತಿದ್ದಾನೆಂದು ಬೈದುಕೊಂಡು ಕಿಟಕಿ ಮುಚ್ಚಿದರಂತೆ. ಅದನ್ನು ಹೇಳುವಾಗ ಅವರ ತಲೆ ತಗ್ಗಿತ್ತು. ಕಳ್ಳ ಕಪಾಟು ತಡಕಾಡಿ ಕೈಗಡಿಯಾರ, ಒಂದು ಚೀಲ, ಮೇಜಿನ ಮೇಲಿನ ಫೋನು ಇಷ್ಟನ್ನು ಎತ್ತಿಕೊಂಡು ಬಂದ ದಾರಿಯಲ್ಲೇ ಹೋಗಿದ್ದ. ಆ ಹೊತ್ತಿನಲ್ಲೆಲ್ಲ ತಾಯಿ ಪಕ್ಕದ ಕೋಣೆಯಲ್ಲೇ ಇದ್ದಳು.

ಫೋನು ಹೋಯಿತೆಂದು ತಿಳಿದಾಗ ಅವನಿಗೆ ಸಿಟ್ಟು ನೆತ್ತಿಗೇರಿತು.

"ಸೂಜಿ ಬಿದ್ರೂ ನಿನ್ನ ಕಾಲಿಗೆ ಗೊತ್ತಾಗತ್ತೆ. ಒಬ್ಬ ಗಂಡಸು ಪಕ್ಕದ ಕೋಣೇಲಿ ಹತ್ತು ನಿಮಿಷ ಓಡಾಡಿದ್ದು ಗೊತ್ತಾಗ್ಲಿಲ್ವಾ?" ಎಂದು ಅವಳ ಮುಖದೆದುರು ಕೈ ಆಡಿಸಿದ.

ಅವಳು ಕೈ ಕಟ್ಟಿಕೊಂಡಳು. ಅವಳು ಕೈ ಕಟ್ಟಿದರೆ ಬಾಯಿಗೆ ಬೀಗ ಹಾಕಿದಂತೆಯೇ. ಐದು ದಿನ ಆ ಬೀಗ ತೆಗೆಯಲಿಲ್ಲ.

ಪೊಲೀಸರು ಬಂದು ಬರೆದುಕೊಂಡು ಹೋದರು. ಫೋನು ಸಿಗುವುದಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು.

ಭಾನುವಾರ ಅವನು ಏಣಿ ಹೊರಗೆ ತೆಗೆದ. ಕೇಳದವಳಿರುವ ಮನೆಗೆ ಬರೀ ಸದ್ದು ಮಾಡುವ ಅಲಾರಂ ಹಾಕಿ ಇಷ್ಟು ವರ್ಷ ಕೂತಿದ್ದೆನಲ್ಲ ಎಂಬುದು ಅವನನ್ನು ಕೊರೆಯುತ್ತಿತ್ತು. ಮಗಳಿದ್ದಾಗ ಆ ಯೋಚನೆ ಬರುವ ಪ್ರಸಂಗವೇ ಇರಲಿಲ್ಲ. ಈಗ ಸೈರನ್ ಕೂಗಿದರೆ ಮನೆಯ ಹೊರಗಿನ ದೀಪಗಳೂ ಹೊತ್ತಿ ಮಿನುಗಬೇಕು: ಎರಡು ಬೀದಿಗೆ, ಒಂದು ಹಿತ್ತಿಲಿಗೆ, ಇನ್ನೊಂದು ಹೊಲಿಗೆ ಕೋಣೆಯ ಕಿಟಕಿಯೆದುರಿನ ಓಣಿಗೆ. ಆ ಓಣಿಯಲ್ಲಿ ಪಕ್ಕದ ಮನೆಯ ಎತ್ತರದ ಗೋಡೆಯಿಂದಾಗಿ ಹಗಲಲ್ಲೂ ಮಬ್ಬು. ಅಲ್ಲಿ ದೀಪ ಮಿನುಗಿದರೆ ಯಂತ್ರದ ಮುಂದೆ ತಲೆ ಬಗ್ಗಿಸಿ ಕೂತವಳಿಗೂ ಕಾಣದೆ ಇರಲಾರದು.

ಕೆಲಸ ಅವನಿಗೆ ಹೊಸದಲ್ಲ. ಅಲಾರಂ ಪೆಟ್ಟಿಗೆಯಿಂದ ಸೈರನ್ನಿಗೆ ಹೋಗುವುದು ಹನ್ನೆರಡು ವೋಲ್ಟು. ಹೊರಗಿನ ದೀಪ ಉರಿಯುವುದು ಮನೆಯ ಕರೆಂಟಿನಲ್ಲಿ. ಎರಡನ್ನೂ ನೇರ ಜೋಡಿಸಿದರೆ ಪೆಟ್ಟಿಗೆ ಸುಟ್ಟು ಕರಿಕಲಾಗುತ್ತದೆ. ನಡುವೆ ಒಂದು ರಿಲೇ ಬೇಕು: ಈ ಕಡೆಯ ಸಣ್ಣ ಕರೆಂಟು ಬಂದಾಗ ಆ ಕಡೆಯ ದೊಡ್ಡ ಕರೆಂಟಿಗೆ ಬಿಟ್ಟು ಬಿಟ್ಟು ದಾರಿ ಕೊಡುವ, ಬೆಂಕಿಪೊಟ್ಟಣದಷ್ಟು ಗಾತ್ರದ ಸ್ವಿಚ್ಚು. ಮೇನ್ ಆಫ್ ಮಾಡಿ ರಿಲೇ ಕೂರಿಸಿ, ಗೋಡೆಗುಂಟ ವೈರು ಎಳೆದು, ಮೂರು ದೀಪ ಮುಗಿಸುವಷ್ಟರಲ್ಲಿ ಸಂಜೆಯಾಗತೊಡಗಿತು. ಓಣಿಯ ದೀಪಕ್ಕೆ ಏಣಿ ಇಟ್ಟಾಗ ಹೆಂಡತಿ ತಾನಾಗಿಯೇ ಬಂದು ಬುಡ ಹಿಡಿದುಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ಏಣಿಯನ್ನು ಅಲುಗಿಸಿದಳು. ಅವನು ಕೆಳಗೆ ನೋಡಿದ.

"ಈ ದೀಪ ಬೇಡ" ಎಂದಳು ಕೈಯಲ್ಲಿ.

ಅವನ ಒಂದು ಕೈಯಲ್ಲಿ ವೈರು, ಇನ್ನೊಂದರಲ್ಲಿ ಸ್ಕ್ರೂಡ್ರೈವರ್. ಏಣಿಯ ಮೇಲೆ ನಿಂತು ಅವಳೊಡನೆ ಮಾತಾಡುವಂತಿರಲಿಲ್ಲ. ಇಳಿದು ಬಂದು, ಯಾಕೆ ಎಂದು ಕೇಳಿದ.

"ಅವತ್ತು ನಂಗೆ ಗೊತ್ತಾಗಿತ್ತು" ಎಂದಳು.

ಓಣಿಯಲ್ಲಿ ಬೆಳಕು ಇಳಿಯುತ್ತಿದ್ದುದರಿಂದ ಅವಳ ಕೈಗಳನ್ನು ಓದಲು ಹತ್ತಿರ ಹೋಗಬೇಕಾಯಿತು.

"ಎರಡು ಸಲ ಬಡಿದ ಹಾಗಾಯ್ತು. ಅವನು ಕಿಟಕಿಯಿಂದ ಇಳಿದದ್ದು ಇರ್ಬೇಕು, ಒಂದು ಕಾಲು, ಆಮೇಲೆ ಇನ್ನೊಂದು ಕಾಲು. ನಂಗೆ ಅವಳು ಕರೆದ ಹಾಗಾಯ್ತು. ಆಮೇಲೆ ಓಡಾಡೋದೂ ತಾಗ್ತಾ ಇತ್ತು. ಎದ್ದು ಹೋಗಿ ನೋಡಿದ್ರೆ ಅವಳು ಇರಲ್ಲ ಅಂತ ಗೊತ್ತಿತ್ತು. ಅದಕ್ಕೇ ಏಳ್ಲಿಲ್ಲ. ಯಂತ್ರ ನಿಲ್ಲಿಸಿ, ಎರಡೂ ಪಾದ ನೆಲಕ್ಕಿಟ್ಟು ಕೂತೆ. ನಿಲ್ಲೋವರೆಗೂ ಕೂತಿದ್ದೆ. ಈ ದೀಪ ಇದ್ರೆ ಹಾಗೆ ಕೂರೋಕೂ ಆಗಲ್ಲ."

ಅವನು ಸ್ಕ್ರೂಡ್ರೈವರನ್ನು ಏಣಿಯ ಮೆಟ್ಟಿಲ ಮೇಲಿಟ್ಟು, ಅಂಗಿಗೆ ಅಂಗೈ ಒರೆಸಿಕೊಂಡು ಹೇಳಿದ:

"ನಕಲು ಮಾಡಿಡೋದು ನನ್ನ ಕೆಲಸ ಆಗಿತ್ತು. ಅರ್ಧ ಗಂಟೆ ಸಾಕಿತ್ತು. ಅವಳ ಮುಖ ನೋಡೋ ಧೈರ್ಯ ಬರ್ಲಿಲ್ಲ, ಆ ಫೋನು ಮುಟ್ಟಲೇ ಇಲ್ಲ. ತಪ್ಪನ್ನ ನಿನ್ನ ಮೇಲೆ ಹಾಕಿಬಿಟ್ಟೆ."

ಅವಳು ಅವನ ಎರಡೂ ಕೈಗಳನ್ನು ಹಿಡಿದುಕೊಂಡಳು. ಹಾಗೆ ಹಿಡಿದರೆ ಇಬ್ಬರಿಗೂ ಮಾತಿಲ್ಲ. ಮಗಳು ಹೋದ ಮೇಲೆ ಅವರು ಜೊತೆಯಾಗಿ ಅತ್ತದ್ದು ಅದೇ ಮೊದಲು. ಅಲ್ಲಿಯವರೆಗೆ ಒಬ್ಬರಿಗೆ ಕಾಣದ ಹಾಗೆ ಇನ್ನೊಬ್ಬರು ಅತ್ತು ಮುಗಿಸುತ್ತಿದ್ದರು.

ಬೇಡವೆಂದರೆ ಬಿಚ್ಚಿಬಿಡುತ್ತೇನೆ ಎಂದು ಅವನು ಆಮೇಲೆ ಹೇಳಿದ. ಅವಳು ಆ ಅರೆಬರೆ ದೀಪವನ್ನು ತಲೆಯೆತ್ತಿ ನೋಡಿದಳು.

"ಹಾಕಿ" ಎಂದಳು. "ಇನ್ನೊಂದ್ಸಲ ಹಾಗೆ ಕೂತ್ರೆ ನಾನು ಏಳೋದೇ ಇಲ್ಲ."

ಅವನು ಮತ್ತೆ ಹತ್ತಿ ಮುಗಿಸಿದ. ಎದುರು ಮನೆಗೆ ಮೊದಲೇ ತಿಳಿಸಿ ಪರೀಕ್ಷೆ ಮಾಡಿದಾಗ ನಾಲ್ಕೂ ದೀಪ ಒಟ್ಟಿಗೆ ಮಿನುಗಿದವು. ಮೇಷ್ಟ್ರು ರಸ್ತೆಗೆ ಬಂದು ನಿಂತು, ಇನ್ನು ಮೇಲೆ ದೀಪ ಕಂಡರೆ ಚಪ್ಪಲಿ ಮೆಟ್ಟದೆಯೇ ಓಡಿ ಬರುತ್ತೇನೆ ಎಂದರು.

ಮೂರು ವಾರದ ಮೇಲೆ ಅವರು ನಿಜವಾಗಿಯೂ ಹಾಗೆಯೇ ಓಡಿ ಬಂದರು. ಮೀಟರು ಓದಲು ಬಂದವನೊಬ್ಬ ಹಿತ್ತಲ ಬಾಗಿಲನ್ನು ಜೋರಾಗಿ ತಳ್ಳಿದ್ದ, ಅಷ್ಟೇ. ದೀಪ ಕಂಡ ಕ್ಷಣವೇ ಹೆಂಡತಿ ಎದ್ದು, ಕತ್ತರಿ ಕೈಯಲ್ಲೇ ಹಿಡಿದು ಹೊರಗೆ ಹೋಗಿದ್ದಳು. ಅದನ್ನು ಕಂಡು ಪಾಪ ಮೀಟರಿನವನ ಜೀವ ಬಾಯಿಗೆ ಬಂತಂತೆ. ಸಂಜೆ ಅವಳೇ ಅದನ್ನೆಲ್ಲ ಅಭಿನಯಿಸಿ ತೋರಿಸಿದಳು. ಗಂಡ ನಕ್ಕ. ಆಮೇಲೆ, ಹೆದರಿಕೆ ಆಯಿತೇ ಎಂದು ಕೇಳಿದ.

"ಇಲ್ಲ. ದೀಪ ನೋಡಿದ ಕೂಡ್ಲೇ ಯಾರೋ ಹೊರಗಿನವರು ಅಂತ ಗೊತ್ತಾಯ್ತು." ಅವಳು ಮಗಳ ಕೋಣೆಯ ಗೋಡೆಯತ್ತ ನೋಡಿದಳು. "ಬೇರೆ ಏನೂ ಅನ್ನಿಸ್ಲಿಲ್ಲ."

ತಾನು ಅವಳಿಗೆ ಏನು ಕೊಟ್ಟೆ, ಅವಳಿಂದ ಏನು ಕಿತ್ತುಕೊಂಡೆ ಎಂಬುದು ಅವನಿಗೆ ಬಗೆಹರಿಯಲಿಲ್ಲ. ಅವಳು ಯಂತ್ರದ ಕಡೆ ತಿರುಗಿ, ಅರ್ಧಕ್ಕೆ ನಿಂತಿದ್ದ ಪರದೆಯ ಅಂಚನ್ನು ಸೂಜಿಯ ಕೆಳಗೆ ಸರಿಸಿದಳು. ಅವನು ಕುರ್ಚಿ ಎಳೆದುಕೊಂಡು, ಪರದೆಯ ಇನ್ನೊಂದು ತುದಿ ನೆಲಕ್ಕೆ ತಾಗದಂತೆ ಎತ್ತಿ ಹಿಡಿದು ಅವಳ ಪಕ್ಕದಲ್ಲಿ ಕೂತ.